ಹಗುರವಾದ ಬಂದೂಕು

ಹನ್ನೆರಡು ಗೇಜಿನ ಬಂದೂಕು ಇನ್ನು ತನ್ನ ಕೈಗೆ ಆಗುವುದಿಲ್ಲ ಎಂದು ಗುರುಕಿರಣ ಒಪ್ಪಿಕೊಂಡದ್ದು ಫೆಬ್ರವರಿಯ ಒಂದು ಭಾನುವಾರ, ಮನೆಯ ಗರಾಜಿನಲ್ಲಿ. ಉಮಾಶ್ರೀ ಡ್ರೈಯರಿನಿಂದ ಬಟ್ಟೆ ತೆಗೆಯುತ್ತಿದ್ದಳು. ಅವನು ಉಕ್ಕಿನ ಕಪಾಟನ್ನು ಅವಳ ಕೈಯಿಂದಲೇ ತೆಗೆಸಿ, ಖಾಲಿ ಬಂದೂಕನ್ನು ಹೊರಗೆಳೆದು, ಗೋಡೆಯಲ್ಲಿ ತೂಗುಹಾಕಿದ್ದ ಸೈಕಲ್ಲಿನ ಕಡೆಗೆ ಗುರಿ ಹಿಡಿದ. ನಳಿಕೆ ಮೇಲೆ ಬಂತು, ಒಂದು ಕ್ಷಣ ನಿಂತಿತು, ಆಮೇಲೆ ಯಾರೋ ಮೇಲಿನಿಂದ ಅದುಮುತ್ತಿರುವ ಹಾಗೆ ಇಳಿಯುತ್ತ ಬಂದು ಬಟ್ಟೆಯ ಬುಟ್ಟಿಯ ಮೇಲೆ ಕೂತಿತು. ಇನ್ನೊಮ್ಮೆ ಎತ್ತಿದ. ಮತ್ತೆ ಅದೇ ಆಯಿತು.

"ಇದು ಆಗಲ್ಲ ಉಮಾ," ಎಂದ. "ಇನ್ನೂ ಹಗುರದ್ದು, ಟ್ವೆಂಟಿ ಗೇಜು ನೋಡ್ಬೇಕು."

ಬೇಟೆಯನ್ನೇ ಬಿಡುತ್ತೇನೆ ಎನ್ನುತ್ತಾನೆ ಎಂದುಕೊಂಡಿದ್ದ ಉಮಾಶ್ರೀ ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಅವನ ಬಲಗೈ ಸೋಲತೊಡಗಿದ್ದು ಹಿಂದಿನ ಬೇಸಿಗೆಯಲ್ಲಿ. ಮೊದಲು ಬಾಟಲಿಯ ಮುಚ್ಚಳ ತಿರುಗಲಿಲ್ಲ, ಆಮೇಲೆ ಅಂಗಿಯ ಗುಂಡಿ ಸಿಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕೂತು ನರ ಒತ್ತಿದೆ ಎಂದು ಎಲ್ಲರೂ ಅಂದರು. ಅವನೂ ಹಾಗೇ ನಂಬಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಸಾಂಟಾ ಕ್ಲಾರಾದ ಆಫೀಸಿಗೆ ಹೋಗಿಬರುತ್ತಿದ್ದ. ಅಕ್ಟೋಬರಿನಲ್ಲಿ ನರರೋಗದ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಎ.ಎಲ್.ಎಸ್. ಎಂಬ ಮೂರು ಅಕ್ಷರ ಹೇಳಿದರು. ಮೈಯನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಕೈ, ಕಾಲು, ನಾಲಿಗೆ, ಕೊನೆಗೆ ಉಸಿರು. ಬುದ್ಧಿ ಮಾತ್ರ ಎಲ್ಲವನ್ನೂ ನೋಡುತ್ತ ಎಚ್ಚರವಾಗಿಯೇ ಇರುತ್ತದೆ. ಕೆಲವರಲ್ಲಿ ನಿಧಾನ, ಕೆಲವರಲ್ಲಿ ಬೇಗ. ಇವನದು ಬೇಗದ್ದು ಎಂದು ಕ್ರಿಸ್‌ಮಸ್ಸಿನ ಹೊತ್ತಿಗೆ ಯಾರೂ ಹೇಳದೆಯೇ ತಿಳಿಯಿತು.

ಬಳ್ಳಾರಿಯ ಗುರುಕಿರಣನಿಗೆ ಬೇಟೆ ಮನೆತನದಿಂದ ಬಂದದ್ದೇನೂ ಅಲ್ಲ. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನಲ್ಲಿ ಮನೆ ಮಾಡಿದ ಹೊಸದರಲ್ಲಿ ಬೆಟ್ಟದ ಕಡೆಯಿಂದ ದೊಡ್ಡ ಕೋಳಿಯಂಥ ಕಾಡುಟರ್ಕಿಗಳು ಹಿಂಡುಹಿಂಡಾಗಿ ಬೀದಿಗೆ ಇಳಿಯುತ್ತಿದ್ದವು. ನಿಲ್ಲಿಸಿದ ಕಾರಿನ ಬಾಗಿಲಲ್ಲಿ ತಮ್ಮದೇ ನೆರಳು ಕಂಡು ಕುಕ್ಕುತ್ತಿದ್ದವು. ಅಕ್ಕಪಕ್ಕದವರು ಫೋನು ಹಿಡಿದು ನಗುತ್ತಿದ್ದರೆ ಇವನು ಅವುಗಳ ಕೂಗನ್ನು ಆಲಿಸುತ್ತ ನಿಲ್ಲುತ್ತಿದ್ದ. ಕನ್ನಡ ಕೂಟದಲ್ಲಿ ಪರಿಚಯವಾದ ಲೋಹಿತ್ ಬೇಟೆಯವನು. ಮಂಡ್ಯದ ಕಡೆಯವನು, ಸೇತುವೆಗಳ ಎಂಜಿನಿಯರು, ಒಂಟಿ ಮನುಷ್ಯ. ಅವನ ಜೊತೆ ಸೇರಿ ಗುರುಕಿರಣ ಕೋರ್ಸು ಮುಗಿಸಿ ಲೈಸೆನ್ಸು ಪಡೆದ, ಬಂದೂಕು ಕೊಂಡ. ಮೈಸೂರಿನ ಸಸ್ಯಾಹಾರಿ ಮನೆಯಿಂದ ಬಂದ ಉಮಾಶ್ರೀ ಆಗ ತಿಂಗಳುಗಟ್ಟಲೆ ಅವನೊಡನೆ ಸಿಡುಕಿದ್ದಳು. ಆದರೆ ವಸಂತಗಳು ಕಳೆದರೂ ಅವನು ಒಂದು ಹಕ್ಕಿಯನ್ನೂ ಹೊಡೆದು ತರಲಿಲ್ಲ. ಒಂದು ವರ್ಷ ಹಕ್ಕಿಯೇ ಬರಲಿಲ್ಲ, ಒಂದು ವರ್ಷ ಬಂದದ್ದು ಹೊಡೆಯಬಾರದ ಹೆಣ್ಣು, ಒಂದು ವರ್ಷ ಗಂಡೇ ಬಂದರೂ ದೂರ ನಿಂತಿತ್ತು. ಲೋಹಿತ್ ಹೊಡೆಯುತ್ತಿದ್ದ, ಇವನು ನೋಡಿಕೊಂಡು ಬರುತ್ತಿದ್ದ. ಕ್ರಮೇಣ ಆ ಬಂದೂಕು ಗರಾಜಿನಲ್ಲಿರುವ ಇನ್ನೊಂದು ಸಾಮಾನಾಗಿ ಅವಳಿಗೆ ಮರೆತೇಹೋಗಿತ್ತು.

ಈಗ ಅವನಿಗೆ ಅದೊಂದೇ ಧ್ಯಾನ. ಮಾರ್ಚಿನ ಕೊನೆಗೆ ಬೇಟೆಯ ಸೀಜನ್ನು ಶುರುವಾಗಿ ಮೇ ಮೊದಲ ವಾರಕ್ಕೆ ಮುಗಿಯುತ್ತದೆ. ಮುಂದಿನ ವಸಂತ ತನಗಿಲ್ಲ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಲಿವರ್‌ಮೋರಿನ ಆಚೆಗಿದ್ದ ಅಂಗಡಿಗೆ ಅವಳೇ ಕಾರು ಓಡಿಸಿಕೊಂಡು ಹೋದಳು. ಲೋಹಿತ್ ಅಲ್ಲಿಗೇ ಬಂದಿದ್ದ. ದಾರಿಯುದ್ದಕ್ಕೂ ಗುರುಕಿರಣ ಅವಳಿಗೆ ಬಂದೂಕಿನ ಪಾಠ ಹೇಳಿದ. ಆಫೀಸಿನಲ್ಲಿ ಹೊಸಬರಿಗೆ ಕಂಪ್ಯೂಟರ್ ಚಿಪ್ಪಿನ ಪರೀಕ್ಷೆ ವಿವರಿಸುವಾಗಿನ ಅದೇ ದನಿಯಲ್ಲಿ. ಟರ್ಕಿಯ ಮೈಗೆ ಹೊಡೆಯಬಾರದು, ಎದೆಯ ಗರಿಗಳೂ ರೆಕ್ಕೆಯ ಮೂಳೆಗಳೂ ತೋಟಾದಿಂದ ಸಿಡಿಯುವ ಸಣ್ಣ ಚರೆಗುಂಡುಗಳನ್ನು ತಡೆದುಬಿಡುತ್ತವೆ. ಹಕ್ಕಿ ಸಾಯುವುದಿಲ್ಲ, ಗಾಯ ಹೊತ್ತು ಓಡಿಹೋಗಿ ಎಲ್ಲೋ ಪೊದೆಯಲ್ಲಿ ನರಳುತ್ತದೆ. ಹೊಡೆದರೆ ತಲೆಗೆ, ಕತ್ತಿಗೆ. ಅಷ್ಟು ಸಣ್ಣ ಜಾಗಕ್ಕೆ ಚರೆಗಳೆಲ್ಲ ಗುಂಪಾಗಿ ಹೋಗಿ ಬೀಳಬೇಕಾದರೆ ನಳಿಕೆಯ ಬಾಯಿ ಬಿಗಿಯಾಗಿರಬೇಕು. ಗೇಜಿನ ಸಂಖ್ಯೆ ಏರಿದ ಹಾಗೆ ನಳಿಕೆ ಸಣ್ಣದಾಗುತ್ತದೆ. ಹನ್ನೆರಡಕ್ಕಿಂತ ಇಪ್ಪತ್ತು ಸಣ್ಣದು, ಅದರಲ್ಲಿ ಹಿಡಿಯುವ ಚರೆಯೂ ಕಡಿಮೆ. ಸೀಸದ ಚರೆ ಈ ರಾಜ್ಯದಲ್ಲಿ ನಿಷೇಧ. ಟಂಗ್‌ಸ್ಟನ್ನಿನದು ಸಿಗುತ್ತದೆ, ಅದು ಸೀಸಕ್ಕಿಂತ ಭಾರ, ಆದ್ದರಿಂದ ಸಣ್ಣ ಬಂದೂಕಿನಿಂದಲೂ ಕೆಲಸವಾಗುತ್ತದೆ.

"ಸೋ, ಹಕ್ಕಿಗೆ ಯಾವುದು ಸರಿಯೋ ಆ ಗನ್ನು ತಗೋಬೇಕು. ನಮಗೆ ಯಾವುದು ಈಸಿಯೋ ಅದಲ್ಲ," ಎಂದ.

ಅಂಗಡಿಯವನು ನಡುವಯಸ್ಸಿನ ಹಸನ್ಮುಖಿ. ಗುರುಕಿರಣ ಭುಜಕ್ಕೆ ಪೆಟ್ಟಾಗಿದೆ ಎಂದು ಅವನಿಗೆ ಸುಳ್ಳು ಹೇಳಿದ್ದನ್ನು ಉಮಾಶ್ರೀ ಕೇಳಿಸಿಕೊಂಡಳು. ಅಂಗಡಿಯವನು ಟರ್ಕಿಗೆ ಹನ್ನೆರಡು ಗೇಜೇ ಸರಿ ಎಂದು ಹೊಸ ಮಾದರಿಯೊಂದನ್ನು ತಂದಿಟ್ಟ. ಅದು ತಾನೇ ತಾನಾಗಿ ಮುಂದಿನ ತೋಟಾ ತುಂಬಿಕೊಳ್ಳುವಂಥದು, ಭುಜಕ್ಕೆ ಒದೆತ ಕಡಿಮೆ. ಗುರುಕಿರಣ ಅದನ್ನು ಕೌಂಟರಿನ ಮೇಲಿಂದ ಎತ್ತಲಿಲ್ಲ, ಸವರಿ ನೋಡಿ ಬಿಟ್ಟ. ಇಪ್ಪತ್ತು ಗೇಜಿನದನ್ನು ಎತ್ತಿದ. ಲೋಹಿತ್ ಅವನ ಎಡ ಮೊಣಕೈಯ ಕೆಳಗೆ ಯಾರಿಗೂ ಕಾಣದ ಹಾಗೆ ತನ್ನ ಅಂಗೈ ಇಟ್ಟಿದ್ದ. ನಳಿಕೆ ನಿಂತಿತು. ಹಗುರವಾದಷ್ಟೂ ಒದೆತ ಹೆಚ್ಚು, ನೋವಿರುವ ಭುಜಕ್ಕೆ ಯೋಚಿಸಿ ನೋಡಿ ಎಂದು ಅಂಗಡಿಯವನು ಎಚ್ಚರಿಸಿದ. ಗುರುಕಿರಣ ತಲೆಯಾಡಿಸಿ, ಇದೇ ಸಾಕು ಎಂದ. ಅವನ ಮುಖದಲ್ಲಿ ಎಷ್ಟೋ ತಿಂಗಳಿಂದ ಇಲ್ಲದಿದ್ದ ಕಳೆಯಿತ್ತು. ಉಮಾಶ್ರೀಗೆ ಅದನ್ನು ನೋಡಿ ಸಂತೋಷವಾಗಬೇಕಿತ್ತು. ಆದರೆ ಮೊಣಕೈಯ ಕೆಳಗಿನ ಆ ಅಂಗೈಯಿಂದ ಅವಳಿಗೆ ಕಣ್ಣು ಕೀಳಲಾಗಲಿಲ್ಲ.

ಕೊಂಡ ಬಂದೂಕನ್ನು ಕೈಗೆ ಕೊಡುವ ಮೊದಲು ಹತ್ತು ದಿನ ಕಾಯಿಸುವುದು ಕ್ಯಾಲಿಫೋರ್ನಿಯಾದ ಕಾನೂನು. ಆ ದಿನಗಳಲ್ಲಿ ಗುರುಕಿರಣ ಒಮ್ಮೆ ಬಚ್ಚಲಲ್ಲಿ ಬಿದ್ದ. ಆಮೇಲೆ ಶೀತವಾಗಿ ಮಲಗಿದ. ಎದ್ದಾಗ ಎಡಗೈಯೂ ಮೊದಲಿನಂತಿರಲಿಲ್ಲ. ಬಂದೂಕು ತರಲು ಹೋದ ದಿನ ಅಂಗಡಿಯವನು ಪೆಟ್ಟಿಗೆ ತೆರೆದು ತೋರಿಸಿದರೆ ಅವನು ಎತ್ತಲು ಪ್ರಯತ್ನವನ್ನೇ ಮಾಡಲಿಲ್ಲ. ಲೋಹಿತ್ ಪೆಟ್ಟಿಗೆಯನ್ನು ಕಾರಿಗೆ ಹೊತ್ತ. ಗರಾಜಿನಲ್ಲಿ ಎರಡು ಬಂದೂಕು ಪಕ್ಕಪಕ್ಕ ನಿಂತವು, ಎರಡೂ ಅವನಿಗೆ ಭಾರ.

ಆ ವಾರವೇ ಕ್ಲಿನಿಕ್ಕಿನಲ್ಲಿ ಸೋಷಿಯಲ್ ವರ್ಕರ್ ಒಬ್ಬಳು ಉಮಾಶ್ರೀಯನ್ನು ಪಕ್ಕದ ಕೋಣೆಗೆ ಕರೆದಳು. ಸ್ನಾನದ ಕುರ್ಚಿ, ನಿದ್ದೆ, ಊಟ ಎಲ್ಲ ವಿಚಾರಿಸಿದ ಮೇಲೆ, ಅದೇ ಮೆಲುದನಿಯಲ್ಲಿ, ಮನೆಯಲ್ಲಿ ಬಂದೂಕಿದೆಯೇ ಎಂದು ಕೇಳಿದಳು. ಇದೆ ಎಂದಳು ಉಮಾಶ್ರೀ, ಬೀಗ ಹಾಕಿದೆ ಎಂದೂ ಸೇರಿಸಿದಳು. ಇಂಥ ಕಾಯಿಲೆಯವರ ಮನೆಯಲ್ಲಿ ಅದು ಇಲ್ಲದಿರುವುದೇ ಒಳ್ಳೆಯದು, ಬೇರೆಯವರಲ್ಲಿ ಇಡಲಾಗುತ್ತದೆಯೇ ನೋಡಿ ಎಂದಳು ಆಕೆ. ಉಮಾಶ್ರೀ ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು. ಪಾರ್ಕಿಂಗಿನಲ್ಲಿ ಗಂಡನಿಗೆ ಸೀಟ್‌ಬೆಲ್ಟ್ ಹಾಕಿದಳು.

ಅಲ್ಲಿಯವರೆಗೆ ಹೊಳೆಯದಿದ್ದ ಯೋಚನೆ ಈಗ ಬೇರೆ ಯಾವುದಕ್ಕೂ ಜಾಗ ಬಿಡಲಿಲ್ಲ. ಈ ಮನುಷ್ಯ ನಿಜವಾಗಿ ಹುಡುಕುತ್ತಿರುವುದು ಟರ್ಕಿಗೆ ತಕ್ಕ ಬಂದೂಕನ್ನೇ, ಇಲ್ಲಾ ತನಗೆ ತಕ್ಕದ್ದನ್ನೇ? ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವಳು ಮೀಟಿಂಗಿನ ನಡುವೆ ಎದ್ದುಹೋಗಿ ಗರಾಜಿನ ಕಪಾಟು ಮುಟ್ಟಿ ನೋಡಿ ಬರತೊಡಗಿದಳು. ಬೀಗದ ಸಂಖ್ಯೆ ಬದಲಿಸಿದಳು. ಅಷ್ಟರಲ್ಲಿ ಒಂದು ಸಂಜೆ ಊಟ ಮಾಡಿಸುವಾಗ ಅವನು ಹೇಳಿದ: ಇಪ್ಪತ್ತೂ ಆಗುವುದಿಲ್ಲ, ಲೋಹಿತನ ಹತ್ತಿರ ಫೋರ್-ಟೆನ್ ಎಂಬ ಇನ್ನೂ ಸಣ್ಣ ಬಂದೂಕಿದೆ, ಒಂದೇ ತೋಟಾದ್ದು, ಮಕ್ಕಳು ಹಿಡಿಯುವಷ್ಟು ಹಗುರ, ಗಿಡ್ಡ ನಳಿಕೆ, ಎರವಲು ಕೇಳಿದ್ದೇನೆ.

ಗಿಡ್ಡ ಎಂದ ಮಾತು ಉಮಾಶ್ರೀಯ ಎದೆಗೆ ಬಂದು ತಾಗಿತು. ಚಮಚ ತಟ್ಟೆಯಲ್ಲಿಟ್ಟು ಹಿತ್ತಿಲಿಗೆ ಹೋಗಿ ಲೋಹಿತನಿಗೆ ಫೋನು ಮಾಡಿ ತನ್ನ ಭಯ ಹೇಳಿದಳು. ಅವನು, ತನಗೂ ಆ ಯೋಚನೆ ಬಂದಿತ್ತು, ಕೇಳಲು ಧೈರ್ಯವಾಗಲಿಲ್ಲ ಎಂದ. ಮಾರನೆಯ ದಿನ ಬಂದು, ಎಣ್ಣೆ ಹಾಕಿ ಕ್ಲೀನ್ ಮಾಡಿಕೊಡುತ್ತೇನೆ ಎಂಬ ನೆಪ ಹೇಳಿ ಎರಡು ಬಂದೂಕನ್ನೂ ತನ್ನ ಮನೆಗೆ ಒಯ್ದ. ಗುರುಕಿರಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಅವನು ಪೆಟ್ಟಿಗೆಗಳನ್ನು ಟ್ರಕ್ಕಿಗೆ ಏರಿಸುವುದನ್ನು ನೋಡಿದ.

ಅವನು ಅದರ ಮಾತೆತ್ತಿದ್ದು ಮೂರನೆಯ ದಿನ, ಅವಳು ಗಡ್ಡ ಹೆರೆಯುತ್ತಿದ್ದಾಗ.

"ಹೊಸ ಗನ್ನನ್ನ ಯಾರೂ ಕ್ಲೀನ್ ಮಾಡಲ್ಲ ಉಮಾ."

ಅವಳ ಕೈ ನಿಂತಿತು. ಅವನ ಮಾತಿನ ಅಂಚು ಆಗಲೇ ಸವೆಯತೊಡಗಿತ್ತು, ಕುಡಿದವರ ಹಾಗೆ ಅಕ್ಷರಗಳು ಒಂದಕ್ಕೊಂದು ತಾಗುತ್ತಿದ್ದವು. ಇನ್ನು ಮುಚ್ಚಿಟ್ಟು ಫಲವಿಲ್ಲ ಎಂದು ಅವಳು ನೇರವಾಗಿ ಕೇಳಿಬಿಟ್ಟಳು.

"ನಿಂಗೆ ಗನ್ನು ಬೇಕಾಗಿರೋದು ಹಕ್ಕಿಗಾ, ಇಲ್ಲಾ..."

ಅವನು ನೊರೆ ಹಚ್ಚಿದ ಮುಖವನ್ನು ಅವಳ ಕಡೆ ತಿರುಗಿಸಿ ನೋಡಿದ. ಸಿಟ್ಟಾಗಲಿಲ್ಲ.

"ಯೋಚನೆ ಬಂದಿಲ್ಲ ಅಂತ ಸುಳ್ಳು ಹೇಳಲ್ಲ. ಬಂದಿತ್ತು. ಕೈ ಇದ್ದಾಗಲೇ ಬಂದಿತ್ತು, ಆಗ ಮಾಡ್ಕೊಳ್ಳಿಲ್ಲ. ಮಗಳು ಶಾಲೆಯಿಂದ ಬರೋ ಮನೆ ಇದು. ಇಲ್ಲಿ ಮಾಡಲ್ಲ." ಉಸಿರು ತೆಗೆದುಕೊಂಡು ಮತ್ತೆ ಅಂದ: "ನಂಗೆ ಎಲ್ಲಾನೂ ಆಗ್ತಾ ಇದೆ ಉಮಾ. ಬೀಳೋದು, ಎಂಜಲು ಸುರಿಯೋದು, ನೀನು ಸ್ನಾನ ಮಾಡ್ಸೋದು. ಎಲ್ಲಾ ಆಗೋದೇ. ನಾನಾಗಿ ಮಾಡೋದು ಅಂತ ಒಂದು ಬೇಕು. ಅಷ್ಟೇ."

ಅವಳು ಉಳಿದ ಗಡ್ಡವನ್ನು ಹೆರೆದು ಮುಗಿಸಿದಳು. ಮುಖ ಒರೆಸುವಾಗ, ಫೋರ್-ಟೆನ್ನನ್ನೇ ನೋಡೋಣ, ಆದರೆ ಲೋಹಿತನ ಮನೆಯಲ್ಲೇ ಇರಲಿ ಎಂದಳು. ಅವನು ಆಗಲಿ ಎಂದ. ಅವಳ ಭಯ ಪೂರ್ತಿ ಹೋಗಲಿಲ್ಲ. ಆದರೆ ಅಂದಿನಿಂದ ಅವನಿಗೆ ಆ ಒಂದನ್ನು ಮಾಡಿಸಿಯೇ ತೀರಬೇಕು ಎಂಬ ಹಟವೊಂದು ಅವಳಲ್ಲಿ ಹುಟ್ಟಿತು. ಮನೆಯ ಉಳಿದ ಯಾವ ಕೆಲಸಕ್ಕೂ ಇಲ್ಲದ ಚುರುಕು ಅದಕ್ಕೆ ಬಂತು.

ಮಗಳ ಹೆಸರು ಇಂದು, ಹೈಸ್ಕೂಲಿನ ಕೊನೆಯ ವರ್ಷದವಳು. ಅಪ್ಪನ ಕಾಯಿಲೆ ತಿಳಿದಾಗಿನಿಂದ ಅವಳು ಹೆಚ್ಚು ಹೊತ್ತು ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಟರ್ಕಿಯ ತಲೆ ಬರೆದ ಕಾಗದಗಳನ್ನು ನೋಡಿ, ಇದೇನೆಂದು ಕೇಳಿದಳು. ಉಮಾಶ್ರೀ ವಿವರಿಸಿದಳು: ಕಾಗದಕ್ಕೆ ಗುಂಡು ಹೊಡೆದು, ಎಷ್ಟು ಚರೆ ತಲೆಗೆ, ಕತ್ತಿಗೆ ಬಿತ್ತು ಎಂದು ನೋಡಬೇಕು; ಸಾಕಷ್ಟು ಬೀಳದಿದ್ದರೆ ಇನ್ನೂ ಹತ್ತಿರದಿಂದ ಹೊಡೆಯಬೇಕು. ಇಂದು ಕಾಗದವನ್ನು ಕೆಳಗಿಟ್ಟಳು.

"ಮಾಮ್, ಹೀ ಕಾಂಟ್ ಈವನ್ ಹೋಲ್ಡ್ ಎ ಫೋರ್ಕ್," ಎಂದಳು.

"ಗೊತ್ತು ಕಣೇ," ಎಂದಳು ಉಮಾಶ್ರೀ. ಕಾಗದಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿದಳು.

ಲೋಹಿತ್ ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಫೋರ್-ಟೆನ್ನನ್ನು ಬಿಗಿಯುವಂತೆ ಮಾಡಿದ. ಕೆನ್ನೆಯನ್ನು ಬಂದೂಕಿನ ಮರದ ಹಿಡಿಗೆ ಒತ್ತದೆಯೇ ಗುರಿ ಕಾಣಲೆಂದು ಮೇಲೆ ಕೆಂಪು ಚುಕ್ಕೆಯ ಗಾಜೊಂದನ್ನು ಕೂರಿಸಿದ. ಬಲಗೈ ಸತ್ತೇಹೋಗಿತ್ತು, ಎಡಗೈಯ ತೋರುಬೆರಳಲ್ಲಿ ಇನ್ನೂ ಸ್ವಲ್ಪ ಜೀವವಿತ್ತು. ಟ್ರಿಗರನ್ನು ಸಡಿಲ ಮಾಡಿಕೊಡು ಎಂದು ಗುರುಕಿರಣ ಬೇಡಿದ. ಲೋಹಿತ್ ಒಪ್ಪಲಿಲ್ಲ, ಹಾಗೆ ಮಾಡಿದ ಬಂದೂಕು ಸುಮ್ಮನೆ ತಾಗಿದರೂ ಸಿಡಿಯುತ್ತದೆ, ಪಕ್ಕದಲ್ಲಿ ಉಮಾ ಇರುತ್ತಾಳೆ ಎಂದ. ಏಪ್ರಿಲ್ ನಡುವಿನಲ್ಲಿ ರೇಂಜಿಗೆ ಹೋದಾಗ ಗುರುಕಿರಣ ಕುರ್ಚಿಯಲ್ಲಿ ಕೂತು, ಹಲ್ಲು ಕಚ್ಚಿ, ಆ ಒಂದು ಬೆರಳಿನಿಂದ ಎರಡು ಸಲ ಹೊಡೆದ. ಹತ್ತಿರದಲ್ಲಿದ್ದ ಕಾಗದದ ತಲೆ ಜರಡಿಯಾಯಿತು. ಸ್ವಲ್ಪ ದೂರ ಇಟ್ಟದ್ದರಲ್ಲಿ ಅಲ್ಲೊಂದು ಇಲ್ಲೊಂದು ತೂತು ಮಾತ್ರ. ಅವನು ಆ ಎರಡನೆಯ ಕಾಗದವನ್ನು ತೊಡೆಯ ಮೇಲಿರಿಸಿಕೊಂಡು ಬಹಳ ಹೊತ್ತು ನೋಡಿದ.

"ತೀರಾ ಹತ್ರ ಬರ್ಬೇಕು. ಇಲ್ಲಾಂದ್ರೆ ಹೊಡೀಬಾರ್ದು," ಎಂದ. ಲೋಹಿತ್ ಹೂಂ ಎಂದ.

ಬೇಟೆಯ ದಿನ ಮತ್ತೆ ಮತ್ತೆ ಮುಂದೆ ಹೋಯಿತು. ಒಮ್ಮೆ ಮಳೆ. ಒಮ್ಮೆ ಗುರುಕಿರಣನಿಗೆ ಉಗುಳು ಗಂಟಲಿಗೆ ಸಿಕ್ಕಿ ಆಸ್ಪತ್ರೆಗೆ ಹೋಗಬೇಕಾಯಿತು. ಸೀಜನ್ನಿನ ಕೊನೆಯ ಶನಿವಾರ ಬೆಳಕು ಹರಿಯುವ ಹೊತ್ತಿಗೆ ಅವರು ಲಿವರ್‌ಮೋರಿನ ದಕ್ಷಿಣದ ಬೆಟ್ಟಗಳಲ್ಲಿ, ಲೋಹಿತನ ಪರಿಚಯದವರ ದನದ ಹುಲ್ಲುಗಾವಲಿನಲ್ಲಿದ್ದರು. ದೊಡ್ಡ ಓಕ್ ಮರದ ಕೆಳಗೆ ಬಟ್ಟೆಯ ಮರೆಗೂಡು. ಅದರೊಳಗೆ ಗಾಲಿಕುರ್ಚಿಯಲ್ಲಿ ಗುರುಕಿರಣ, ಅವನ ಮುಂದೆ ಸ್ಟ್ಯಾಂಡಿನ ಮೇಲೆ ಫೋರ್-ಟೆನ್, ಎಡಕ್ಕೆ ಮಂಡಿಯೂರಿ ಉಮಾಶ್ರೀ, ಹಿಂದೆ ಲೋಹಿತ್. ಕುರ್ಚಿಯನ್ನು ಅಷ್ಟು ದೂರ ತಳ್ಳಿಕೊಂಡು ಬರುವಷ್ಟರಲ್ಲಿ ಇಬ್ಬರಿಗೂ ಬೆವರು ಕಿತ್ತುಬಂದಿತ್ತು. ಇಳಿಜಾರಿನ ಹುಲ್ಲು ಆಗಲೇ ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಉಮಾಶ್ರೀ ಅವನ ಕತ್ತಿನ ಹಿಂದೆ ದಿಂಬು ಕೊಟ್ಟು, ಎಡಗೈಯ ತೋರುಬೆರಳನ್ನು ಎತ್ತಿ ಟ್ರಿಗರಿನ ಪಕ್ಕದಲ್ಲಿಟ್ಟಳು. ಬೆರಳು ತಣ್ಣಗಿತ್ತು. ಅವಳು ಅದನ್ನು ತನ್ನ ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ಅಲ್ಲೇ ಇಟ್ಟಳು.

ಲೋಹಿತ್ ಕೈಯಲ್ಲಿದ್ದ ಕಲ್ಲಿನ ಬಿಲ್ಲೆಯ ಮೇಲೆ ಕಡ್ಡಿ ಉಜ್ಜಿ ಹೆಣ್ಣುಹಕ್ಕಿಯ ಕೂಗು ಹೊರಡಿಸಿದ. ಕಣಿವೆಯ ಆಚೆಯಿಂದ ಗಂಡು ಉತ್ತರ ಕೊಟ್ಟಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಇನ್ನು ಬರುವುದಿಲ್ಲ ಎಂದು ಉಮಾಶ್ರೀಗೆ ಒಂದು ಬಗೆಯ ನಿರಾಳ ಮೂಡುತ್ತಿದ್ದಾಗ ಹುಲ್ಲಿನ ಅಂಚಿನಲ್ಲಿ ಕೆಂಪು ತಲೆಯೊಂದು ಎದ್ದಿತು.

ಅದು ದೊಡ್ಡ ಹಕ್ಕಿ. ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ಎಳೆಯುತ್ತ, ಎದೆಯ ಕಪ್ಪು ಕುಚ್ಚನ್ನು ತೂಗಾಡಿಸುತ್ತ ಬಂತು. ಬೆಳಕು ಬಿದ್ದು ಗರಿಗಳು ತಾಮ್ರದಂತೆ ಹೊಳೆಯುತ್ತಿದ್ದವು. ಬೀದಿಯಲ್ಲಿ ಕಾರು ಕುಕ್ಕುವ ಹಕ್ಕಿಗಳನ್ನು ದಿನವೂ ನೋಡುತ್ತಿದ್ದ ಉಮಾಶ್ರೀಗೆ ಇದು ಬೇರೆಯೇ ಜೀವವೆನಿಸಿತು. ಇಷ್ಟು ಹತ್ತಿರ ಬಂದರೆ ಮಾತ್ರ ಎಂದು ಲೋಹಿತ್ ನೆಟ್ಟಿದ್ದ ಗುರುತಿನ ಕಡ್ಡಿಯನ್ನೂ ಅದು ದಾಟಿ ಒಳಗೆ ಬಂತು. ಬಾಲ ಮಡಿಸಿ ಕತ್ತು ಚಾಚಿ, ಕೆಂಪು ಚುಕ್ಕೆಗೆ ನೇರವಾಗಿ ನಿಂತಿತು. ಹೊಡೆಯಬೇಕಾದದ್ದು ಆಗಲೇ. ಲೋಹಿತ್ ಹಿಂದಿನಿಂದ, ಈಗ, ಎಂದು ಉಸಿರಲ್ಲೇ ಹೇಳಿದ.

ಉಮಾಶ್ರೀ ಗಂಡನ ಬೆರಳನ್ನು ನೋಡಿದಳು. ಅದು ಟ್ರಿಗರಿನ ಮೇಲಿತ್ತು. ಅವನ ಕತ್ತಿನ ನರಗಳು ಉಬ್ಬಿದವು, ದವಡೆ ನಡುಗಿತು, ಹಣೆಯಲ್ಲಿ ಬೆವರು ಮೂಡಿತು. ಬೆರಳು ಮಾತ್ರ ಅಲುಗಲಿಲ್ಲ. ಚರ್ಮದ ಕೆಳಗೆ ಹುಳ ಹರಿದ ಹಾಗೆ ಒಂದು ಸಣ್ಣ ಅದುರು, ಅಷ್ಟೇ. ಹಕ್ಕಿ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಿತು. ಇನ್ನೊಂದು.

"ಉಮಾ," ಎಂದ. ಗಾಳಿಗಿಂತ ಸಣ್ಣ ದನಿ. "ಒತ್ತು."

ಅವಳಿಗೆ ಲೈಸೆನ್ಸು ಇರಲಿಲ್ಲ. ಒಂದು ಇರುವೆಯನ್ನೂ ಬೇಕೆಂದು ಕೊಂದವಳಲ್ಲ. ಆದರೆ ಆ ಕ್ಷಣ ಅದ್ಯಾವುದೂ ಅವಳ ಮನಸ್ಸಿಗೆ ಬರಲಿಲ್ಲ. ಅವನ ಕಣ್ಣು ಕೆಂಪು ಚುಕ್ಕೆಯಿಂದ ಸರಿದು ಅವಳ ಕಡೆ ತಿರುಗಿತ್ತು, ಆ ಕಣ್ಣನ್ನು ಅವಳಿಗೆ ನೋಡಲಾಗಲಿಲ್ಲ. ತನ್ನ ಬೆರಳನ್ನು ಅವನ ಬೆರಳ ಮೇಲಿಟ್ಟಳು. ಕೆಳಗೆ ಅವನದು ಒದ್ದೆ ಬತ್ತಿಯ ಹಾಗಿತ್ತು. ಒತ್ತಿದಳು.

ಫೋರ್-ಟೆನ್ನಿನ ಸದ್ದು ಅಷ್ಟೇನೂ ದೊಡ್ಡದಲ್ಲ. ಹಕ್ಕಿ ಮಗುಚಿ ಬಿತ್ತು. ಲೋಹಿತ್ ಮರೆಯಿಂದ ಹೊರಗೆ ಓಡಿದ. ಅಷ್ಟರಲ್ಲಿ ಅದು ಎದ್ದಿತು. ಒಂದು ರೆಕ್ಕೆಯನ್ನು ಜೋತುಹಾಕಿಕೊಂಡು, ನೆಲಕ್ಕೆ ಬಡಿದುಕೊಳ್ಳುತ್ತ, ಓಡುತ್ತ, ಉರುಳುತ್ತ ಕೊರಕಲಿನ ಅಂಚು ದಾಟಿ ಕೆಳಗಿನ ಪೊದೆಗಳಲ್ಲಿ ಮರೆಯಾಯಿತು. ಒತ್ತುವ ಹೊತ್ತಿಗೆ ಚುಕ್ಕೆ ಕತ್ತಿನ ಮೇಲಿರಲಿಲ್ಲ. ಹಕ್ಕಿ ಸರಿದದ್ದನ್ನು ಇಬ್ಬರೂ ನೋಡಿರಲಿಲ್ಲ.

ಲೋಹಿತ್ ಕೊರಕಲಿಗೆ ಇಳಿದ. ಅವನು ಪೊದೆ ಬಡಿಯುವ ಸದ್ದು ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ ಕೇಳಿಬರುತ್ತಿತ್ತು. ಬಿಸಿಲು ಏರಿತು. ಉಮಾಶ್ರೀ ಗಂಡನ ಬಾಯಿಯಂಚನ್ನು ಒರೆಸಿದಳು, ಸ್ಟ್ರಾದಿಂದ ನೀರು ಕುಡಿಸಲು ನೋಡಿದಳು. ಅವನು ತುಟಿ ತೆರೆಯಲಿಲ್ಲ. ಕೊನೆಗೆ ಲೋಹಿತ್ ಮುಳ್ಳು ಗೀಚಿದ ಕೈಗಳಲ್ಲಿ ನಾಲ್ಕಾರು ಗರಿ ಹಿಡಿದುಕೊಂಡು ಮೇಲೆ ಬಂದ. ಸ್ವಲ್ಪ ದೂರ ರಕ್ತದ ಹನಿ ಸಿಕ್ಕಿತು, ಆಮೇಲೆ ಅದೂ ಇಲ್ಲ ಎಂದ. ಇನ್ನೊಂದು ಸಲ ಹೋಗಿ ಹುಡುಕು ಎಂದ ಗುರುಕಿರಣ. ಅವನು ಹೋದ. ಬರಿಗೈಯಲ್ಲಿ ಬಂದ. ಇನ್ನೊಂದು ಸಲ ಎಂದ ಗುರುಕಿರಣ. ಮೂರನೆಯ ಸಲ ಉಮಾಶ್ರೀಯೇ ಇಳಿದಳು. ಬೆಟ್ಟದ ಕಲ್ಲಿನಲ್ಲಿ ಜಾರಿ, ಪೊದೆಗಳ ಕೆಳಗೆ ಬಗ್ಗಿ, ಹೆಸರಿಲ್ಲದ ಆ ಜೀವವನ್ನು ಬಾ, ಬಾ ಎಂದು ಕರೆಯುತ್ತ ಹುಡುಕಿದಳು. ಸಿಕ್ಕರೆ ಏನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಸಿಗಲಿಲ್ಲ.

ಹಿಂತಿರುಗುವಾಗ ಫ್ರೀವೇಯಲ್ಲಿ ಗುರುಕಿರಣ ಒಂದೇ ಮಾತು ಆಡಿದ್ದು.

"ಫೋರ್-ಟೆನ್ನು ತರಬಾರ್ದಿತ್ತು. ನಂಗೆ ಗೊತ್ತಿತ್ತು."

ಬಂದೂಕಿನ ತಪ್ಪಲ್ಲ, ಹಕ್ಕಿ ಸರಿಯಿತು ಎಂದು ಲೋಹಿತ್ ಹಿಂದಿನ ಸೀಟಿನಿಂದ ಹೇಳಿದ. ಮನೆಗೆ ಬಂದ ಮೇಲೆ ಗುರುಕಿರಣ ಅದರ ಸುದ್ದಿ ಎತ್ತಲಿಲ್ಲ. ಇಂದು ಬಂದು, ಹೌ ವಾಸ್ ಇಟ್ ಅಪ್ಪಾ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡ. ಬೇಟೆಗೆ ಹೋಗುವವರೆಗೆ ಅವನನ್ನು ಎಳೆದುಕೊಂಡು ಬಂದಿದ್ದ ಯಾವುದೋ ಹಗ್ಗ ತುಂಡಾದಂತಿತ್ತು. ಜೂನಿನಲ್ಲಿ ಹಾಸಿಗೆ ಹಿಡಿದ. ಆಹಾರಕ್ಕೆಂದು ಹೊಟ್ಟೆಗೆ ನಳಿಕೆ ಹಾಕಿದರು. ಆಗಸ್ಟಿಗೆ ಮಾತು ಪೂರ್ತಿ ನಿಂತಿತು.

ಆಮೇಲೆ ಕಣ್ಣಿನ ಚಲನೆಯಿಂದ ಅಕ್ಷರ ಆರಿಸುವ ಯಂತ್ರವೊಂದನ್ನು ಹಾಸಿಗೆಯ ಮುಂದೆ ನಿಲ್ಲಿಸಿದರು. ಅದಕ್ಕೆ ಕನ್ನಡ ಓದಲು ಬಾರದು. ಅವನು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರೆ ಅದರೊಳಗಿನ ಅಮೆರಿಕನ್ ಗಂಡಸು ಏನೇನೋ ಉಲಿಯುತ್ತಿದ್ದ. ಉಮಾಶ್ರೀ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿಕೊಳ್ಳುತ್ತಿದ್ದಳು. ನೀರು, ಕಾಲು ಮಡಿಸು, ಸೆಕೆ, ಇಂದು ಎಲ್ಲಿ. ಹೆಚ್ಚೆಂದರೆ ಇಷ್ಟೇ ಇರುತ್ತಿತ್ತು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಇಂದು ಕಾಲೇಜಿಗೆಂದು ಬರ್ಕ್ಲಿಗೆ ಹೋದ ಮೇಲೆ, ಅವನು ಬಹಳ ಹೊತ್ತು ಪರದೆಯ ಮೇಲೆ ಕಣ್ಣಾಡಿಸಿದ. ಯಂತ್ರ ಉಲಿಯಿತು. ಅವಳು ತಿರುಗಿಸಿ ಓದಿದಳು. ಅವತ್ತು ಒತ್ತಿದ್ದು ಯಾರು ಎಂದು ಬರೆದಿದ್ದ.

ಈ ಪ್ರಶ್ನೆಗೆ ಅವಳು ಎಷ್ಟೋ ಸಲ ಒಳಗೊಳಗೇ ಉತ್ತರ ಕಟ್ಟಿಟ್ಟುಕೊಂಡಿದ್ದಳು.

"ನೀನೇ," ಎಂದಳು. "ನಾನು ಬರೀ ಮೇಲೆ ಬೆರಳಿಟ್ಟಿದ್ದೆ. ಕೆಳಗೆ ನಿನ್ ಬೆರಳು ಬಗ್ಗಿದ್ದು ನಂಗೆ ಗೊತ್ತಾಯ್ತು."

ಅವನ ಕಣ್ಣು ಅವಳ ಮುಖದ ಮೇಲೆ ನಿಂತಿತು. ಮುಖದಲ್ಲಿ ಬೇರೇನೂ ಅಲುಗುವಂತಿರಲಿಲ್ಲ, ಆದ್ದರಿಂದ ಅವನು ನಂಬಿದನೋ ಬಿಟ್ಟನೋ ತಿಳಿಯಲಿಲ್ಲ. ಆಮೇಲೆ ಕಣ್ಣು ಪರದೆಗೆ ಹೋಯಿತು. ಒಂದೊಂದೇ ಅಕ್ಷರ ಮೂಡಿತು. ಈ ಸಲ ಓದಲು ಅವಳು ಪರದೆ ತಿರುಗಿಸಬೇಕಾಗಲಿಲ್ಲ. ಯಂತ್ರ ಎಷ್ಟು ಕೆಡಿಸಿ ಹೇಳಿದರೂ ಆ ಪದ ತಿಳಿಯುವಂತಿತ್ತು. ಸುಳ್ಳು.

ಅವನು ಕಣ್ಣು ಮುಚ್ಚಿದ. ಅವಳು ಅವನ ಉಸಿರಿನ ಮಾಸ್ಕನ್ನು ಸರಿಪಡಿಸಿ, ಎಡಗೈಯನ್ನು ತೊಡೆಯ ಮೇಲೆ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀವುತ್ತ ಕೂತಳು. ಹೊರಗೆ ಯಾರದೋ ಅಂಗಳದಲ್ಲಿ ಎಲೆ ಊದುವ ಯಂತ್ರದ ಸದ್ದು ನಿಲ್ಲದೆ ಬರುತ್ತಿತ್ತು.

ಗುರುಕಿರಣ ನವೆಂಬರಿನಲ್ಲಿ ತೀರಿಕೊಂಡ. ಕಾರ್ಯಗಳೆಲ್ಲ ಮುಗಿದ ಮೇಲೆ ಲೋಹಿತ್ ಒಂದು ದಿನ ಬಂದು, ಒಂದು ಗುಂಡನ್ನೂ ಹೊಡೆಯದ ಇಪ್ಪತ್ತು ಗೇಜಿನ ಬಂದೂಕು ತನ್ನಲ್ಲೇ ಇದೆ, ಏನು ಮಾಡಲಿ ಎಂದು ಕೇಳಿದ. ಉಮಾಶ್ರೀ ಅದು ಯಾವುದೆಂದು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಯಾರಿಗಾದರೂ ಕೊಟ್ಟುಬಿಡು ಎಂದಳು. ಯಾರಿಗೆ ಎಂದು ಅವನು ಕೇಳಿದ. ಅವಳು ಕಾಫಿಗೆ ಹಾಲಿಟ್ಟಳು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದರು. ಅವನು ಹೋದ ಮೇಲೆ ಅವಳು ಎರಡೂ ಲೋಟ ತೊಳೆದು ಬೋರಲು ಹಾಕಿ, ಸಂಜೆಯ ಮೀಟಿಂಗಿಗೆ ಕೂತಳು.